ಮೊದಲು ಮೇಲ್ಹಲಗೆಯನ್ನು ಕೇಳಿ

ಸ್ಪೇನಿನಿಂದ ಕೈಯಲ್ಲಿ ಮಾಡಿದ ಕ್ಲಾಸಿಕಲ್ ಗಿಟಾರ್ ತರಿಸಬೇಕೆಂದು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: 'ಹಿಂಬದಿಗೆ ಬ್ರೆಜಿಲಿಯನ್ ರೋಸ್‌ವುಡ್ ಹಾಕಿಸಬಹುದೇ?' ಎರಡನೆಯದು: 'ಸದ್ದು ಜೋರಾಗಿ ಬರುತ್ತದೆಯೇ?' ಅಷ್ಟರಲ್ಲಿ ನನ್ನ ತಾಳ್ಮೆ ಮುಗಿದಿರುತ್ತದೆ. ಲಕ್ಷಗಟ್ಟಲೆ ತೆರಲು, ವರ್ಷಗಟ್ಟಲೆ ಕಾಯಲು ಸಿದ್ಧರಾದವರು ವಾದ್ಯದ ಜೀವ ಎಲ್ಲಿದೆ ಎಂದು ಮಾತ್ರ ವಿಚಾರಿಸುವುದಿಲ್ಲ. ಜೀವ ಇರುವುದು ತಂತಿಗಳ ಕೆಳಗಿನ ಮೇಲ್ಹಲಗೆಯಲ್ಲಿ.

ಇದನ್ನು ತೋರಿಸಿಕೊಟ್ಟವನು ಸ್ಪೇನಿನ ಗಿಟಾರ್ ತಯಾರಕ ಅಂತೋನಿಯೋ ದೆ ತೋರೆಸ್. ಇಂದಿನ ಕ್ಲಾಸಿಕಲ್ ಗಿಟಾರಿನ ಆಕಾರ, 650 ಮಿಲಿಮೀಟರ್ ತಂತಿಯಳತೆ, ಒಳಗೆ ಬೀಸಣಿಗೆಯಂತೆ ಹರಡಿದ ಪಟ್ಟಿಗಳ ಕ್ರಮ ಇವೆಲ್ಲ ನೆಲೆನಿಂತದ್ದು ಅವನ ಕೈಯಲ್ಲಿ. 1862ರಲ್ಲಿ ಆತ ಒಂದು ಗಿಟಾರ್ ಮಾಡಿದ. ಮೇಲ್ಹಲಗೆ ಒಳ್ಳೆಯ ಸ್ಪ್ರೂಸ್ ಮರದ್ದು. ಬೆನ್ನು, ಪಕ್ಕಗಳು ಮಾತ್ರ ಕಾಗದದ ರಟ್ಟಿನವು. ನಾದಕ್ಕೆ ಮುಖ್ಯ ಯಾವುದು ಎಂಬ ವಾದಕ್ಕೆ ಅವನು ಕೊಟ್ಟ ಉತ್ತರ ಅದು. ಆ ವಾದ್ಯ ಈಗಲೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಅದಾಗಿ ಒಂದೂವರೆ ಶತಮಾನ ಕಳೆದರೂ ನಮ್ಮವರು ಬೆನ್ನಿನ ಮರದ ಬಣ್ಣಕ್ಕೇ ಮರುಳಾಗುತ್ತಾರೆ.

ಮೇಲ್ಹಲಗೆಯ ದಪ್ಪ ಸುಮಾರು 2ರಿಂದ 2.5 ಮಿಲಿಮೀಟರ್. ಆರು ತಂತಿಗಳು ಸೇರಿ ಅದನ್ನು 40 ಕಿಲೋ ಆಸುಪಾಸಿನ ಬಲದಿಂದ ಎಳೆಯುತ್ತವೆ. ಅಷ್ಟು ಎಳೆತವನ್ನು ತಾಳಿಕೊಂಡೇ ಬೆರಳಿನ ಅತಿ ಸಣ್ಣ ಸ್ಪರ್ಶಕ್ಕೂ ಅದು ಕಂಪಿಸಬೇಕು. ದಪ್ಪವಾದರೆ ಮೂಕವಾಗುತ್ತದೆ, ತೆಳುವಾದರೆ ಸ್ವರ ಹುಟ್ಟಿದ ಕೂಡಲೇ ಸಾಯುತ್ತದೆ, ಹಲಗೆಯೂ ಕುಸಿಯುತ್ತದೆ. ಈ ಎರಡರ ನಡುವಿನ ಜಾಗ ಒಂದೊಂದು ಹಲಗೆಗೂ ಬೇರೆ, ಏಕೆಂದರೆ ಒಂದೇ ಮರದಿಂದ ಸೀಳಿದ ಎರಡು ತುಂಡುಗಳ ಬಿಗಿಯೂ ಒಂದೇ ಇರುವುದಿಲ್ಲ. ಕಾರ್ಖಾನೆ ಎಲ್ಲ ಹಲಗೆಗಳನ್ನೂ ಒಂದೇ ಅಳತೆಗೆ ತರುತ್ತದೆ. ಅತಿ ದುರ್ಬಲ ಹಲಗೆಯೂ ಮುರಿಯಬಾರದಲ್ಲ, ಹಾಗಾಗಿ ಗಟ್ಟಿ ಹಲಗೆಗಳೆಲ್ಲ ಬೇಕಾದುದಕ್ಕಿಂತ ದಪ್ಪವಾಗಿಯೇ ಉಳಿಯುತ್ತವೆ. ಲೂಥಿಯರ್, ಅಂದರೆ ಕೈಯಲ್ಲಿ ಗಿಟಾರ್ ಮಾಡುವವನು, ಹಾಗಲ್ಲ. ಹಲಗೆಯನ್ನು ಬಗ್ಗಿಸಿ, ತಟ್ಟಿ, ಅದರ ಗುಣ ತಿಳಿದು, ಒಂದೊಂದು ಒಳಪಟ್ಟಿಯನ್ನೂ ಅದಕ್ಕೆ ತಕ್ಕಂತೆ ಕೀಸುತ್ತಾನೆ. ನೀವು ಅವನಿಗೆ ಹಣ ಕೊಡುವುದು ಈ ತೀರ್ಮಾನಕ್ಕೆ. ಸೌಂಡ್‌ಹೋಲ್ ಸುತ್ತಲಿನ ಚಿತ್ತಾರಕ್ಕಲ್ಲ.

ನನ್ನ ಕಿವಿ ತೆರೆದದ್ದು ಗ್ರಾನಡಾದಲ್ಲಿ. ಆಲಂಬ್ರಾ ಅರಮನೆಯತ್ತ ಏರುವ ಕ್ವೆಸ್ತಾ ದೆ ಗೊಮೆರೆಸ್ ಎಂಬ ಇಳಿಜಾರು ಬೀದಿ ಗಿಟಾರ್ ಕಾರ್ಯಾಗಾರಗಳಿಗೆ ಹೆಸರಾದದ್ದು. ಅಲ್ಲೊಬ್ಬ ಹಿರಿಯ ಲೂಥಿಯರ್ ಇನ್ನೂ ಪಟ್ಟಿ ಕೂರಿಸದ ಹಲಗೆಗಳನ್ನು ಒಂದೊಂದಾಗಿ ಎರಡು ಬೆರಳಲ್ಲಿ ತೂಗಿ ಹಿಡಿದು, ಹಲಸಿನಹಣ್ಣು ತಟ್ಟಿ ನೋಡುವಂತೆ ಗೆಣ್ಣಿನಿಂದ ತಟ್ಟುತ್ತಿದ್ದರು. ಕೆಲವು 'ಟಪ್' ಎಂದು ಸುಮ್ಮನಾದವು. ಒಂದು ಮಾತ್ರ ಬಹು ಹೊತ್ತು ಗುಂಯ್‌ಗುಟ್ಟಿತು. ಅವರು ಏನೂ ಹೇಳದೆ ಅದನ್ನು ಬೇರೆ ಇಟ್ಟರು. ತಂತಿಯೇ ಇಲ್ಲದ ಮರದಲ್ಲಿ ಸಂಗೀತ ಮೊದಲೇ ಇರುತ್ತದೆ ಎಂಬುದು ಅಂದು ನನ್ನೊಳಗೆ ಇಳಿಯಿತು.

ಮುಂದೆ ಬೆಂಗಳೂರಿನ ಪುಟ್ಟ ಸಭಾಂಗಣವೊಂದರಲ್ಲಿ ಅಂಥದೇ ಕೈಗೆಲಸದ ಗಿಟಾರಿನಲ್ಲಿ ಬಾಖ್‌ನ ಸಾರಾಬಾಂಡ್ ಕೇಳಿದೆ. ಕಲಾವಿದ ಮೈಕ್ ಬೇಡವೆಂದಿದ್ದ. ಹಿಂದಿನ ಸಾಲಿನಿಂದ 'ಮೈಕ್ ಹಾಕ್ರೀ' ಎಂಬ ಕೂಗು ಬಂತು. ಪಿಸುಮಾತಿನಷ್ಟು ಮೆಲ್ಲನೆಯ ಸ್ವರವೂ ಆ ಸಾಲಿನ ತನಕ ಸ್ಪಷ್ಟವಾಗಿ ತಲುಪುತ್ತಿತ್ತು. ಕೂಗಿದವರಿಗೆ ಕೇಳುವ ಅಭ್ಯಾಸವೇ ತಪ್ಪಿಹೋಗಿತ್ತು. ಜೋರು ಬೇರೆ, ದೂರ ತಲುಪುವುದು ಬೇರೆ. ಆಸ್ಟ್ರೇಲಿಯಾದ ಲೂಥಿಯರ್ ಗ್ರೆಗ್ ಸ್ಮಾಲ್‌ಮನ್ ತೆಳುವಾದ ಹಲಗೆಯ ಕೆಳಗೆ ಕಾರ್ಬನ್ ಫೈಬರ್ ಸೇರಿಸಿದ ಜಾಲರಿ ಕೂರಿಸಿ ದೊಡ್ಡ ಸದ್ದು ತಂದರು. ಗಿಟಾರ್ ವಾದಕ ಜಾನ್ ವಿಲಿಯಮ್ಸ್ ಕೈಗೆ ಅದು ಒಗ್ಗಿತು. ಆದರೆ ಈಗ ಎಲ್ಲರೂ ಆ ಸದ್ದಿನ ಹಿಂದೆಯೇ ಓಡುತ್ತಿದ್ದಾರೆ. ದನಿಯ ಬಣ್ಣ ಬದಲಾಗದ ಸದ್ದು ಎಷ್ಟಿದ್ದರೇನು?

ಕಿವಿ ಪಳಗಲು ಸೆಗೋವಿಯಾ 1937ರ ಹೌಸರ್ ಗಿಟಾರಿನಲ್ಲಿ ನುಡಿಸಿದ್ದನ್ನು, ಜೂಲಿಯನ್ ಬ್ರೀಮ್ 1973ರ ರೊಮಾನಿಲ್ಯೋಸ್ ಗಿಟಾರಿನಲ್ಲಿ ನುಡಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ. ಮೊಬೈಲ್ ಸ್ಪೀಕರಿನಲ್ಲಿ ಬೇಡ. ವಾದ್ಯ ಎದುರಿಗೆ ಸಿಕ್ಕರೆ ನೇರ ಮೂರನೆಯ ತಂತಿಗೆ ಹೋಗಿ. ದುರ್ಬಲ ಗಿಟಾರಿನ ಗುಟ್ಟು ಬಯಲಾಗುವುದು ಅಲ್ಲೇ: ಐದನೆಯ ಮನೆ (ಫ್ರೆಟ್) ದಾಟಿದ ಮೇಲೆ ಸ್ವರ ಮಸುಕಾಗುತ್ತದೆ. ಮೊದಲ ತಂತಿಯ ಹನ್ನೆರಡನೆಯ ಮನೆಯ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಒಂದೇ ಸ್ವರವನ್ನು ಬ್ರಿಜ್ ಬಳಿ ಒಮ್ಮೆ, ಸೌಂಡ್‌ಹೋಲ್ ಮೇಲೊಮ್ಮೆ ಮೀಟಿ. ಎರಡು ಬೇರೆ ದನಿಗಳು ಹೊರಡದಿದ್ದರೆ ಎದ್ದು ಬನ್ನಿ.

ಸ್ಪ್ರೂಸೋ, ಸೀಡರೋ? ಮಾಡ್ರಿಡ್‌ನ ಲೂಥಿಯರ್ ಮೂರನೆಯ ಹೊಸೆ ರಾಮಿರೆಸ್ 1960ರ ದಶಕದಲ್ಲಿ ಬಳಕೆಗೆ ತಂದ ಸೀಡರ್ ಹಲಗೆ ಮೊದಲ ದಿನದಿಂದಲೇ ಬಿಚ್ಚು ಮಾತಿನದು. ಸ್ಪ್ರೂಸ್ ನುಡಿಸುತ್ತ ಹೋದಂತೆ ವರ್ಷಗಳಲ್ಲಿ ಅರಳುತ್ತದೆ. ನನ್ನ ಒಲವು ಸ್ಪ್ರೂಸ್ ಕಡೆಗೆ.

ಇನ್ನು ಬೆನ್ನಿನ ಮರ. ಬ್ರೆಜಿಲಿಯನ್ ರೋಸ್‌ವುಡ್ 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಅತಿ ಬಿಗಿ ಪಟ್ಟಿಯಲ್ಲಿದೆ. ಅದರ ಆಸೆ ಬಿಡಿ. ಜಗತ್ತಿನ ಶ್ರೇಷ್ಠ ಲೂಥಿಯರ್‌ಗಳು ಅದರ ಜಾಗದಲ್ಲಿ ಬಳಸುವುದು ಇಂಡಿಯನ್ ರೋಸ್‌ವುಡ್, ಅಂದರೆ ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುವ ಬೀಟೆ. ಮೈಸೂರಿನ ಕೆತ್ತನೆಯವರು ತಲೆಮಾರುಗಳಿಂದ ಬಲ್ಲ ಮರವನ್ನು ಕೀಳೆಂದು ಮೂಗು ಮುರಿಯುವ ಕನ್ನಡಿಗನನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2017ರಲ್ಲಿ ಬೀಟೆಯ ವಾದ್ಯಗಳಿಗೂ ಬಂದ ಪರವಾನಗಿಯ ತೊಡಕು 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳ ಮಟ್ಟಿಗೆ ತೊಲಗಿತು.

ಲೂಥಿಯರ್‌ಗೆ ಪತ್ರ ಬರೆಯುವಾಗ ನೀವು ಏನು ನುಡಿಸುತ್ತೀರಿ, ನಿಮ್ಮ ಕೈ ಎಷ್ಟು ಅಗಲ, ತಂತಿಯಳತೆ 650 ಬೇಕೋ 640 ಬೇಕೋ ಎಂದು ತಿಳಿಸಿ. ನಿಮ್ಮೂರಿನ ಹವೆ ಎಂಥದೆಂದೂ ಹೇಳಿ. ಸುಮಾರು ಶೇ. 50 ತೇವಾಂಶದ ಕೋಣೆಯಲ್ಲಿ ಅಂಟಿಸಿದ ಹಲಗೆ ಮಂಗಳೂರಿನ ಮಳೆಗಾಲದಲ್ಲಿ ಉಬ್ಬುತ್ತದೆ, ಒಳನಾಡಿನ ಒಣ ಬೇಸಿಗೆಯಲ್ಲಿ ಬಿರಿಯುತ್ತದೆ. ಪೆಟ್ಟಿಗೆಯಲ್ಲಿ ತೇವಾಂಶ ಅಳೆಯುವ ಹೈಗ್ರೋಮೀಟರ್ ಇರಲೇಬೇಕು. ಒಳಪಟ್ಟಿ ಎಷ್ಟಿರಲಿ, ಹೇಗಿರಲಿ ಎಂದು ಅವನಿಗೆ ಪಾಠ ಹೇಳಬೇಡಿ. ಮುಂಗಡ ಕೊಟ್ಟ ಮೇಲೆ ವಾರವಾರ ಫೋಟೋ ಕೇಳಿ ಪೀಡಿಸಬೇಡಿ. ಒಂದೇ ಒಂದು ವಿಷಯ ಕೇಳುವ ಹಕ್ಕು ನಿಮಗಿದೆ: ನನ್ನ ವಾದ್ಯಕ್ಕೆ ಯಾವ ಮೇಲ್ಹಲಗೆ ಆರಿಸಿದಿರಿ, ಏಕೆ? ಅದಕ್ಕೆ ಉತ್ಸಾಹದಿಂದ ಪುಟಗಟ್ಟಲೆ ಉತ್ತರ ಬರೆಯುವವನಿಗೆ ಕಣ್ಣುಮುಚ್ಚಿ ಹಣ ಕಳಿಸಿ. ಚಿತ್ತಾರಗಳ ಬೆಲೆಪಟ್ಟಿ ಕಳಿಸುವವನನ್ನು ಬಿಟ್ಟು ಮುಂದಿನವನಿಗೆ ಬರೆಯಿರಿ.