ಅಪೂರ್ವ ಪದಗಳ ಸಂಗ್ರಹ: ಒಂದು ವಿಮರ್ಶೆ

ಬರವಣಿಗೆಗೆ ಕಾಂತಿ ಬರಲೆಂದು ಅಪೂರ್ವ ಪದಗಳನ್ನು ಆಯ್ದು ಟಿಪ್ಪಣಿ ಪುಸ್ತಕದಲ್ಲಿ ಕೂಡಿಡುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿಯೂ ಲೇಖಕರಲ್ಲಿಯೂ ಉಂಟು. ಇಂಗ್ಲಿಷಿನಲ್ಲಿ ಬರೆಯುವವರು ನಿಘಂಟಿನ ಮೂಲೆಯ ಶಬ್ದಗಳನ್ನು ಪ್ರಬಂಧಕ್ಕೆ ತೊಡಿಸುತ್ತಾರೆ. ಕನ್ನಡದಲ್ಲಿ ಬರೆಯುವವರು ಹಳಗನ್ನಡದಿಂದಲೂ ಆಡುಮಾತಿನಿಂದಲೂ ಹಾಗೆಯೇ ಆಯುತ್ತಾರೆ. ಅಭ್ಯಾಸ ನಿಂದ್ಯವಲ್ಲ; ಅದರ ಕ್ರಮ ಮಾತ್ರ ವಿಚಾರಾರ್ಹವಾಗಿದೆ.

ಈ ಕಾರ್ಯ ನಮಗೆ ಹೊಸದೇನೂ ಅಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಕೊನೆಗೆ ‘ಪ್ರಯೋಗಸಾರ’ವನ್ನು ಸೇರಿಸಿ ಅಪೂರ್ವ ಶಬ್ದಗಳ ಅರ್ಥವನ್ನು ತಿಳಿಸಿದನು. ಆ ಹೆಸರೇ ಗಮನಾರ್ಹವಾದುದು: ಪದದೊಡನೆ ಪ್ರಯೋಗವೂ ಬೇಕೆಂಬ ಎಚ್ಚರ ಅದರಲ್ಲಿದೆ. ಅದೇ ಶತಮಾನದ ಆಂಡಯ್ಯನು ‘ಕಬ್ಬಿಗರ ಕಾವ’ದಲ್ಲಿ ಸಂಸ್ಕೃತ ತತ್ಸಮಗಳನ್ನು ವರ್ಜಿಸಿ ದೇಶ್ಯ ಮತ್ತು ತದ್ಭವಗಳಿಂದಲೇ ಕಾವ್ಯವನ್ನು ಕಟ್ಟಿದನು. ಸಾಹಸ ಮೆಚ್ಚತಕ್ಕದ್ದೇ, ಆದರೆ ಓದುಗನ ಗಮನ ಕಥೆಯನ್ನು ಬಿಟ್ಟು ಪದೇ ಪದೇ ಕವಿಯ ನಿಯಮದ ಕಡೆಗೆ ತಿರುಗುತ್ತದೆ. ಪದದ ಆಯ್ಕೆಯೇ ಗುರಿಯಾದಾಗ ಒದಗುವ ತೊಡಕಿದು.

1872ರಲ್ಲಿ ಕೇಶಿರಾಜನ ಗ್ರಂಥವನ್ನು ಸಂಪಾದಿಸಿದ ಕಿಟೆಲ್, 1894ರಲ್ಲಿ ಮಂಗಳೂರಿನಿಂದ ಹೊರತಂದ ತಮ್ಮ ನಿಘಂಟಿನಲ್ಲಿ ಅನೇಕ ಪದಗಳಿಗೆ ಆಕರವನ್ನು ಸೂಚಿಸಿದರು. ಇದು ಇಂಥ ಕಾವ್ಯದ್ದು, ಇದು ಮೈಸೂರು ಸೀಮೆಯ ಬಳಕೆಯದು ಎಂಬ ಸಂಕೇತಗಳು ಅಲ್ಲಿವೆ. ದೊರೆತ ನೆಲೆ ತಿಳಿಯದ ನಾಣ್ಯ ಇತಿಹಾಸಕಾರನಿಗೆ ಅರ್ಧ ಮೂಕ. ಪದವೂ ಹಾಗೆಯೇ.

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹಾದಿಯ ಪುಣಜನೂರಿನ ಸುತ್ತಿನ ಕಾಡಿನಲ್ಲಿಯೂ ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಸೋಲಿಗರ ಪೋಡುಗಳಿವೆ. ಸೋಲಿಗರ ನುಡಿಯಲ್ಲಿ ‘ತರಗು ಬೆಂಕಿ’ ಎಂಬ ಮಾತುಂಟು. ನಗರದ ಲೇಖಕನೊಬ್ಬನು ಇದನ್ನು ಆಯ್ದು, ಧಗಧಗಿಸುವ ಕೋಪಕ್ಕೆ ಉಪಮೆಯಾಗಿಸಿದನೆನ್ನೋಣ. ಕಿವಿಗೆ ಇಂಪು, ಅರ್ಥಕ್ಕೆ ವಿರೋಧ. ತರಗು ಬೆಂಕಿಯೆಂದರೆ ಬೇಸಗೆ ಬಲಿಯುವ ಮುನ್ನವೇ ಇಡುವ, ನೆಲದ ಒಣ ಎಲೆಯನ್ನಷ್ಟೇ ಸುಟ್ಟು ತಣ್ಣಗಾಗುವ ಕಿರುಬೆಂಕಿ. ಮುಂದಿನ ಕಾಳ್ಗಿಚ್ಚನ್ನು ತಡೆಯುವ ಉಪಾಯ. ನೆಲ್ಲಿಯ ಮರವನ್ನು ಹೀರುವ ಬದನಿಕೆಗೆ ಅವರು ‘ಉಪ್ಪಿಲು’ ಎನ್ನುತ್ತಾರೆ. ತರಗು ಬೆಂಕಿಯಿದ್ದಾಗ ಉಪ್ಪಿಲೂ ಲಂಟಾನವೂ ಹದ್ದಿನಲ್ಲಿದ್ದವೆಂಬುದು ಅವರ ಅನುಭವ. 1974ರಲ್ಲಿ ಆ ಬೆಟ್ಟಗಳು ವನ್ಯಧಾಮವಾದ ಮೇಲೆ ಬೆಂಕಿಯಿಡುವ ಪದ್ಧತಿ ನಿಷೇಧಕ್ಕೊಳಗಾಯಿತು. ಈ ಎರಡು ಪದಗಳಲ್ಲಿ ಒಂದು ಕಾಡಿನ ಇತಿಹಾಸವೂ ಒಂದು ಜನಾಂಗದ ವಾದವೂ ಅಡಗಿವೆ. ಅಲಂಕಾರಕ್ಕಾಗಿ ಕಿತ್ತು ತಂದವನ ಕೈಗೆ ಅವು ಸಿಕ್ಕುವುದಿಲ್ಲ.

ಅಪರಿಚಿತ ಪದವನ್ನು ಬಳಸಿದರೆ ಓದುಗನಿಗೆ ಕಷ್ಟವಾಗುವುದಿಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಬೇರೆ ಯಾವ ಪದವೂ ಹೇಳಲಾರದ್ದನ್ನು ಹೇಳುವ ಪದಕ್ಕೆ ಆ ಕಷ್ಟ ಸಾರ್ಥಕ. ‘ಬದನಿಕೆ’ ಎಂದರೆ ಸಸ್ಯ ತಿಳಿಯುತ್ತದೆ. ‘ಉಪ್ಪಿಲು’ ಎಂದರೆ ಅದರೊಡನೆ ಬಾಳಿದವರ ದೃಷ್ಟಿಯೂ ತಿಳಿಯುತ್ತದೆ. ಪರಿಚಿತ ಪದವೇ ಸಾಕಾಗುವ ಕಡೆ ಅಪೂರ್ವ ಪದವನ್ನು ತರುವುದು ಬರಿಯ ಆಡಂಬರ.

ಆದುದರಿಂದ ನಮ್ಮ ವಿದ್ಯಾರ್ಥಿಗಳು ಪದದ ಎದುರಿಗೆ ಅರ್ಥವನ್ನು ಬರೆದು ತೃಪ್ತರಾಗಬಾರದು. ಯಾವ ಊರಿನಲ್ಲಿ, ಯಾವ ಕೆಲಸದ ನಡುವೆ, ಯಾವ ವಾಕ್ಯದಲ್ಲಿ ಅದು ಕೇಳಿಬಂದಿತೆಂಬುದನ್ನೂ ಗುರುತಿಸಿಕೊಳ್ಳಬೇಕು. ಅಂಥ ಪುಸ್ತಕ ನಿಧಾನವಾಗಿ ತುಂಬೀತು. ಆದರೆ ಅದರಿಂದ ಎತ್ತಿದ ಪದ ಬರವಣಿಗೆಗೆ ಒಡವೆಯಾಗುವುದಕ್ಕಿಂತ ಮೊದಲು ಸಾಕ್ಷಿಯಾಗುತ್ತದೆ.