ಇಬ್ಬನಿಯ ಲೆಕ್ಕ ಇಲ್ಲದ ಬಣ್ಣ

ಮುನಿರಾಬಾದಿನ ಚಳಿ ಒಂದು ಸ್ವೆಟರಿನ ಚಳಿ. ಡಿಸೆಂಬರಿನ ನಸುಕಿನಲ್ಲಿ ಉಷ್ಣಾಂಶ 15 ಡಿಗ್ರಿ ಆಸುಪಾಸಿಗೆ ಇಳಿದರೆ ಅದೇ ಹೆಚ್ಚು. ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಚಳಿಗಾಲದಲ್ಲಿ ಕಾರ್ಖಾನೆ ಕಟ್ಟಡಗಳನ್ನು ಕಾಯುವ ವಿಶೇಷ ಲೇಪನಗಳ ಬಗ್ಗೆ ಬರೆದ ಸಾಹಿತ್ಯವೆಲ್ಲ ಹಿಮ ಬೀಳುವ ದೇಶಗಳದ್ದು. ಗೋಡೆಯ ಸಂದಿಗೆ ಇಳಿದ ನೀರು ಹೆಪ್ಪುಗಟ್ಟಿ ಶೇಕಡಾ 9ರಷ್ಟು ಹಿಗ್ಗುತ್ತದೆ, ಕಾಂಕ್ರೀಟು ಸೀಳುತ್ತದೆ, ಅದಕ್ಕೆ ಔಷಧವಾಗಿ ಲೇಪನ. ಆ ರೋಗ ನಮ್ಮಲ್ಲಿಲ್ಲ. ಅದನ್ನು ನೋಡಿ, ಚಳಿಗಾಲದಲ್ಲಿ ನಮ್ಮ ಶೆಡ್ಡುಗಳಿಗೆ ಏನೂ ಆಗುವುದಿಲ್ಲ ಎಂದು ಕೂತವರ ತಗಡು ತೂತಾಗಿರುವುದನ್ನು ಗಿಣಿಗೇರಿಯಿಂದ ಗಂಗಾವತಿಯವರೆಗೆ ಯಾರು ಬೇಕಾದರೂ ನೋಡಬಹುದು.

ಇಲ್ಲಿ ಮಾಗಿಯ ಏಟು ಇಬ್ಬನಿಯದು. ಮೋಡವಿಲ್ಲದ ರಾತ್ರಿ ತಗಡು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಪಕ್ಕದಲ್ಲೇ ತುಂಗಭದ್ರೆಯ ಜಲಾಶಯ, ಕೆಳಗೆ ಎಡದಂಡೆ ಕಾಲುವೆ, ನೀರು ನಿಂತ ಗದ್ದೆ. ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಬೆಳಗಿನ ಹೊತ್ತಿಗೆ ತಗಡಿನ ಮೇಲೆ ನೀರು ಕೂತಿರುತ್ತದೆ. ಮಳೆಯಾದರೆ ತಗಡನ್ನು ತೊಳೆದು ಹರಿದುಹೋಗುತ್ತದೆ, ಇಬ್ಬನಿ ತೊಳೆಯುವುದಿಲ್ಲ, ನೆನೆಸಿ ಬಿಡುತ್ತದೆ. ಗಿಣಿಗೇರಿ, ಹಿಟ್ನಾಳ ಕಡೆಯ ಉಕ್ಕು, ಬೀಡುಕಬ್ಬಿಣ, ಸ್ಪಾಂಜ್ ಐರನ್ ಘಟಕಗಳ ಸುತ್ತ ಚಾವಣಿಯ ಮೇಲೆ ಕೂರುವ ಕರಿಧೂಳು ಈ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಲ್ಲಿದ್ದಲು ಸುಟ್ಟ ಹೊಗೆಯ ಗಂಧಕ ಅದಕ್ಕೆ ಹುಳಿ ಬೆರೆಸುತ್ತದೆ. ಬಿಸಿಲೇರಿ ಮೇಲ್ಭಾಗ ಒಣಗಿದರೂ ಧೂಳಿನ ಅಡಿ ಒಣಗಿರುವುದಿಲ್ಲ.

ಹತ್ತಿರ ಹೋಗಿ ಒಂದು ಜೆ ಹುಕ್ ಬೋಲ್ಟ್ ನೋಡಬೇಕು. ತಗಡಿನ ನಡುಭಾಗ ಹೊಳೆಯುತ್ತಿರುತ್ತದೆ, ಬೋಲ್ಟಿನ ವಾಷರ್ ಸುತ್ತ ಮಾತ್ರ ಕೆಂಪು ಬಳೆ. ಎರಡು ತಗಡು ಒಂದರ ಮೇಲೊಂದು ಕೂರುವ ಅಂಚಿನಲ್ಲಿ ಬಣ್ಣ ಉಬ್ಬಿ ನಿಂತಿರುತ್ತದೆ. ಉಗುರಿನಿಂದ ಒತ್ತಿದರೆ ಹಪ್ಪಳದಂತೆ ಒಡೆದು ಕೆಳಗಿನಿಂದ ಕಂದು ಪುಡಿ ಉದುರುತ್ತದೆ. ಕಬ್ಬಿಣಕ್ಕಿಂತ ಜಂಗಿನ ಗಾತ್ರ ಕೆಲವು ಪಟ್ಟು ಹೆಚ್ಚು, ಅದಕ್ಕೇ ಬಣ್ಣವನ್ನು ಒಳಗಿನಿಂದ ಎತ್ತಿ ಎಸೆಯುತ್ತದೆ. ಹೊರಗಿನಿಂದ ನೋಡಿದವರು ಬಣ್ಣ ಕಳಪೆ ಎನ್ನುತ್ತಾರೆ. ಬಹಳಷ್ಟು ಸಲ ಬಣ್ಣದ ತಪ್ಪಿರುವುದಿಲ್ಲ.

ಹಾಗಂತ ಬಣ್ಣಗಳೆಲ್ಲ ಒಂದೇ ಎಂದಲ್ಲ. ನಮ್ಮಲ್ಲಿ ರೂಢಿಯಲ್ಲಿರುವುದು ರೆಡ್ ಆಕ್ಸೈಡ್ ಒಂದು ಕೈ, ಮೇಲೆ ಎನಾಮಲ್ ಎರಡು ಕೈ. ಎನಾಮಲ್ಲು ಕೈಗೆ 25ರಿಂದ 40 ಮೈಕ್ರಾನ್ ದಪ್ಪ ಬಂದರೆ ಪುಣ್ಯ. ಮನೆಯ ಕಿಟಕಿ ಸರಳಿಗೆ ಇದು ಸಾಕು, ಸ್ಪಾಂಜ್ ಐರನ್ ಘಟಕದ ಪಕ್ಕದ ಟ್ರಸ್ಸಿಗೆ ಸಾಲದು. ಉಕ್ಕಿನ ಲೇಪನಕ್ಕೆಂದೇ ಇರುವ ಐಎಸ್‌ಒ 12944 ಮಾನದಂಡ ವಾತಾವರಣವನ್ನು ಜಂಗು ಹಿಡಿಸುವ ತೀವ್ರತೆಯಂತೆ ಸಿ1ರಿಂದ ಸಿ5ರವರೆಗೆ, ಅದರಾಚೆಗೆ ಸಿಎಕ್ಸ್ ಎಂದು ವಿಂಗಡಿಸುತ್ತದೆ. ಸಿ4 ದರ್ಜೆಯ ಜಾಗದಲ್ಲಿ ದೀರ್ಘ ಬಾಳಿಕೆ ಬೇಕೆಂದರೆ ಎಪಾಕ್ಸಿ ವ್ಯವಸ್ಥೆ 200–240 ಮೈಕ್ರಾನ್ ಆಸುಪಾಸು ಇರಬೇಕು. ಎಪಾಕ್ಸಿ ಗಟ್ಟಿ, ಆದರೆ ಬಿಸಿಲಿಗೆ ಸುಣ್ಣದಂತೆ ಪುಡಿಯಾಗುತ್ತದೆ, ಮೇಲೆ ಪಾಲಿಯುರೆಥೇನ್ ಬೇಕೇ ಬೇಕು. ಕೊಪ್ಪಳದ ಬಿಸಿಲಿಗೆ ಬರೀ ಎಪಾಕ್ಸಿ ಹಚ್ಚಿ ಬಿಟ್ಟರೆ ಅರ್ಧ ದುಡ್ಡು ಧೂಳಾದಂತೆಯೇ.

ಈಚೆಗೆ ಚಾವಣಿಗೆ ಬಿಳಿ ತಂಪು ಬಣ್ಣ ಹಚ್ಚುವ ಹುಮ್ಮಸ್ಸು ಎಲ್ಲೆಡೆ ಇದೆ. ಬೇಸಿಗೆಗೆ ಅದು ನಿಜಕ್ಕೂ ಒಳ್ಳೆಯದು, ಒಳಗೆ ದುಡಿಯುವವರಿಗೆ ಜೀವ ಬರುತ್ತದೆ. ಚಳಿಗಾಲದ ಕತೆ ಬೇರೆ. ಹೊಸ ಸತುವಿನ ತಗಡು ರಾತ್ರಿ ಕಾವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬಿಳಿ ಬಣ್ಣ ಹಚ್ಚಿದ ತಗಡು ಬೇಗ ಬಿಟ್ಟುಕೊಡುತ್ತದೆ, ಇನ್ನಷ್ಟು ತಣ್ಣಗಾಗುತ್ತದೆ. ಕೆಳಗೆ ಭತ್ತ ಕುದಿಸುವ ಹಬೆ ಇದ್ದರೆ ಒಳಮೈಯಿಂದ ತೊಟ್ಟಿಕ್ಕುವುದು ಹೆಚ್ಚುತ್ತದೆ. ಕಾರಟಗಿ, ಗಂಗಾವತಿಯ ಕುಸುಬಲಕ್ಕಿ ಗಿರಣಿಗಳ ಚಾವಣಿ ಒಳಗಿನಿಂದ ಕೊಳೆಯುತ್ತದೆ, ಬಣ್ಣ ಮಾತ್ರ ಹೊರಗೆ ಬೀಳುತ್ತದೆ. ಹಬೆ ಹೊರಹೋಗಲು ದಾರಿ ಮಾಡದೆ ಹಚ್ಚಿದ ಯಾವ ಲೇಪನವೂ ನನ್ನ ಮಟ್ಟಿಗೆ ದಂಡ.

ಇನ್ನು ಬಣ್ಣ ಹಚ್ಚುವ ಹೊತ್ತು. ತಗಡಿನ ಮೈ ಇಬ್ಬನಿ ಕೂರುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವ ಶೇಕಡಾ 85 ದಾಟಿರಬಾರದು. ಇದು ಈ ಕಸುಬಿನ ಮೊದಲ ಪಾಠ. ಆದರೆ ಕೂಲಿ ಲೆಕ್ಕ ಬೆಳಿಗ್ಗೆಯೇ ಶುರುವಾಗುತ್ತದೆ. ಏಣಿ ಹತ್ತಿದ ಪೇಂಟರ್, ‘ಸಾವ್ಕಾರ್ರ, ತಗಡ ಇನ್ನಾ ಹಸಿ ಐತ್ರಿ’ ಅನ್ನುತ್ತಾನೆ. ಕೆಳಗಿನಿಂದ, ‘ಅರಿವಿಲೇ ಒರಸಿ ಹಚ್ಚಪಾ, ಹೊತ್ತಾತು’ ಎಂಬ ಉತ್ತರ ಬರುತ್ತದೆ. ಒರೆಸಿದ ತಗಡು ಕೈಗೆ ಒಣಗಿದಂತೆ ಕಂಡರೂ ಮರುಗಳಿಗೆ ಮತ್ತೆ ಬೆವರುತ್ತದೆ. ಆ ಬೆವರಿನ ಮೇಲೆ ಕೂತ ಪ್ರೈಮರ್ ಬೇಸಿಗೆ ಬರುವ ಮುಂಚೆಯೇ ಬಿಡುತ್ತದೆ. ಇಲ್ಲಿ ಕಸುಬು ಗೊತ್ತಿರುವವನು ಏಣಿಯ ಮೇಲಿದ್ದಾನೆ, ತೀರ್ಮಾನಿಸುವವನು ಕೆಳಗಿದ್ದಾನೆ. ಹತ್ತು ಗಂಟೆಯವರೆಗೆ ತಂತಿಬ್ರಷ್ಷು, ಎಮೆರಿ ಕಾಗದದ ಕೆಲಸ, ಆಮೇಲೆ ಬಣ್ಣ ಎಂದು ದಿನವನ್ನು ಒಡೆದುಕೊಂಡರೆ ಯಾರ ಕೂಲಿಯೂ ಹಾಳಾಗುವುದಿಲ್ಲ.

ಗಿರಣಿಗಳಿಗೆ ಇನ್ನೊಂದು ಇಕ್ಕಟ್ಟಿದೆ. ಮುಂಗಾರು ಭತ್ತ ನವೆಂಬರ್–ಡಿಸೆಂಬರಿಗೆ ಬರುತ್ತದೆ, ಆಗ ಗಿರಣಿಗೆ ಉಸಿರಾಡಲು ಪುರಸೊತ್ತಿಲ್ಲ. ಹಾಗಾಗಿ ದುರಸ್ತಿ, ಬಣ್ಣ ಎಲ್ಲ ಸೆಪ್ಟೆಂಬರ್–ಅಕ್ಟೋಬರಿಗೆ ಬೀಳುತ್ತದೆ. ಈ ಸೀಮೆಯಲ್ಲಿ ಜೋರು ಮಳೆ ಬರುವುದೂ ಆಗಲೇ. ಚಳಿಗಾಲದ ಒಣ ಮಧ್ಯಾಹ್ನಗಳು, ಬಣ್ಣಕ್ಕೆ ಹೇಳಿ ಮಾಡಿಸಿದಂಥವು, ಹಬೆಯಲ್ಲಿ ಕಳೆದುಹೋಗುತ್ತವೆ. ಉಗ್ರಾಣದ ಕಡೆಯ ಶೆಡ್ಡನ್ನಾದರೂ ಜನವರಿಗೆ ಬಿಟ್ಟುಕೊಳ್ಳಬಹುದು. ಎಲ್ಲವನ್ನೂ ಒಂದೇ ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಳ್ಳುವ ಆತುರ ಅದಕ್ಕೆ ಅವಕಾಶ ಕೊಡುವುದಿಲ್ಲ.

ಈ ಊರಿಗೆ ಕಬ್ಬಿಣ ಕಾಯುವುದು ಹೊಸ ವಿದ್ಯೆಯೇನಲ್ಲ. 1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟೆಯ ಕಲ್ಲು–ಸುರ್ಕಿಯ ಗೋಡೆ ಬಣ್ಣ ಕೇಳುವುದಿಲ್ಲ, ಅದರ 33 ಕ್ರಸ್ಟ್ ಗೇಟುಗಳು ಕೇಳುತ್ತವೆ. ನದಿಯಾಚೆ ಹೊಸಪೇಟೆಯಲ್ಲಿ 1960ರಲ್ಲಿ ಶುರುವಾದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್, ಅಣೆಕಟ್ಟುಗಳ ಗೇಟು ಮಾಡುವುದನ್ನೇ ಕಸುಬಾಗಿ ಬೆಳೆಸಿದ ಕಾರ್ಖಾನೆ. 2015ರಲ್ಲಿ ಕೇಂದ್ರ ಸಂಪುಟ ಅದನ್ನು ಮುಚ್ಚಲು ಒಪ್ಪಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಬೇಕಾಯಿತು. ಆ ಅನಾಹುತವನ್ನು ನಾನು ಬಣ್ಣದ ತಲೆಗೆ ಕಟ್ಟುತ್ತಿಲ್ಲ. ಕೊಂಡಿಗೆ ಕೊಂಡಿ ಉಜ್ಜುವ ಜಾಗದಲ್ಲಿ ಯಾವ ಬಣ್ಣವೂ ನಿಲ್ಲುವುದಿಲ್ಲ, ಅಲ್ಲಿ ಗ್ರೀಸು ಮತ್ತು ತಪಾಸಣೆಯೇ ಗತಿ. ಶೆಡ್ಡಿನಲ್ಲೂ ಅಷ್ಟೆ: ಕಂಬದ ಬುಡ, ಗಟರಿನ ತಳ, ಬೋಲ್ಟಿನ ಸುತ್ತ ಏನಾಗಿದೆ ಎಂಬುದನ್ನು ಬಣ್ಣ ಹೇಳುವುದಿಲ್ಲ, ಮುಚ್ಚುತ್ತದೆ.

ಗುತ್ತಿಗೆಯ ಕಾಗದ ಓದಿದರೆ ಈ ರೂಢಿಯ ಹುಳುಕು ತಿಳಿಯುತ್ತದೆ. ಎಷ್ಟು ಚದರ ಮೀಟರ್, ಎಷ್ಟು ಕೈ, ಯಾವ ಕಂಪನಿಯ ಡಬ್ಬಿ, ಎಷ್ಟು ವರ್ಷದ ಗ್ಯಾರಂಟಿ. ಮೈ ಎಷ್ಟು ಕೆರೆದು ಶುಚಿ ಮಾಡಬೇಕು, ಒಣಗಿದ ಮೇಲೆ ದಪ್ಪ ಎಷ್ಟಿರಬೇಕು ಎಂಬ ಸಾಲು ಅಪರೂಪ. ಗ್ಯಾರಂಟಿಯ ಮಾತಿಗೆ ಬಂದರೆ, ಅದೇ ಐಎಸ್‌ಒ ಮಾನದಂಡ 15ರಿಂದ 25 ವರ್ಷವನ್ನು ದೀರ್ಘ ಬಾಳಿಕೆ ಎಂದು ಕರೆಯುತ್ತಲೇ, ಇದು ಗ್ಯಾರಂಟಿಯ ಅವಧಿಯಲ್ಲ, ಮತ್ತೆ ದೊಡ್ಡ ದುರಸ್ತಿಗೆ ಮಾಲೀಕ ಯಾವಾಗ ದುಡ್ಡು ಕೂಡಿಡಬೇಕೆಂಬ ಅಂದಾಜು ಎಂದು ಹೇಳುತ್ತದೆ. ಮಾರುವವರು ಮೊದಲರ್ಧ ಓದಿ ಹೇಳುತ್ತಾರೆ, ಕೊಳ್ಳುವವರು ಉಳಿದರ್ಧ ಕೇಳುವುದಿಲ್ಲ. ಮೈಕ್ರಾನ್ ಅಳೆಯುವ ಸಲಕರಣೆ ಅಂಗೈಯಗಲದ್ದು, ಒಂದು ಗಿರಣಿ ಕೊಂಡು ಹತ್ತು ಗಿರಣಿ ಹಂಚಿಕೊಳ್ಳಬಹುದು. ಬಿಲ್ಲಿನ ಒಂದು ಪಾಲನ್ನು ಕೆರೆದು ಶುಚಿ ಮಾಡಿದ ಮೈ ನೋಡಿದ ಮೇಲೆ, ಪ್ರೈಮರ್ ಬೀಳುವ ಮುಂಚೆ ಕೊಡುವುದಾದರೆ, ಸಾವ್ಕಾರನೂ ಒಮ್ಮೆ ಏಣಿ ಹತ್ತಬೇಕಾಗುತ್ತದೆ.