ಋಜುತ್ವವೂ ರಕ್ಷಣೆಯೂ: ವಕ್ರದಂತಚಿಕಿತ್ಸೆಯ ಚರಿತ್ರೆಯ ಒಂದು ವಿಮರ್ಶೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಉಪಕರಣಗಳ ಬೆನ್ನು ಹತ್ತಿ ನಡೆಯುತ್ತಾರೆ. ಉಪಕರಣವು ಕಣ್ಣಿಗೆ ಕಾಣುವ ವಸ್ತು. ಅದಕ್ಕೊಬ್ಬ ನಿರ್ಮಾಪಕನಿರುತ್ತಾನೆ, ಒಂದು ವರ್ಷವಿರುತ್ತದೆ, ಒಂದು ಚಿತ್ರವಿರುತ್ತದೆ. ತಡೆಯಲ್ಪಟ್ಟ ರೋಗಕ್ಕಾದರೋ ಇವಾವುವೂ ಇಲ್ಲ. ವಕ್ರದಂತಗಳನ್ನು ತಂತಿ ಪಟ್ಟಿಗಳಿಂದ ನೇರಗೊಳಿಸುವ ಚಿಕಿತ್ಸೆಯ ಚರಿತ್ರೆಯಲ್ಲಿ ಈ ದೋಷವು ಎದ್ದು ಕಾಣುತ್ತದೆ. ಮೊದಲು ಫ್ರಾನ್ಸಿನ ಪಿಯರ್ ಫೋಶಾರ್, ಬಳಿಕ ಅಮೆರಿಕದ ಎಡ್ವರ್ಡ್ ಆಂಗಲ್, ಕೊನೆಗೆ ಹಲ್ಲಿಗೆ ಅಂಟಿಸುವ ಬ್ರಾಕೆಟ್ಟು ಎಂಬುದು ರೂಢಿಯ ಕ್ರಮ. ಇದು ಸುಳ್ಳಲ್ಲ, ಆದರೆ ಅರ್ಧಸತ್ಯವೆಂಬುದು ನಮ್ಮ ಅಭಿಪ್ರಾಯ. ಹಲ್ಲನ್ನು ಸರಿಸುವ ಕೆಲಸದೊಡನೆ, ಸರಿಯುತ್ತಿರುವ ಹಲ್ಲು ಹುಳುಕದಂತೆ ಕಾಯುವ ಕೆಲಸವನ್ನೂ ಸೇರಿಸಿ ನೋಡಿದಾಗಲೇ ಈ ಚರಿತ್ರೆ ಪೂರ್ಣವಾಗುವುದು.

ಮೊದಲು ಫೋಶಾರನನ್ನು ತೆಗೆದುಕೊಳ್ಳೋಣ. ಅವನ ಎರಡು ಸಂಪುಟಗಳ ಗ್ರಂಥವು 1728ರಲ್ಲಿ ಪ್ರಕಟವಾಯಿತು. 1746ರ ಪರಿಷ್ಕೃತ ಆವೃತ್ತಿಯನ್ನು ಲಿಲಿಯನ್ ಲಿಂಡ್ಸೆ 1946ರಲ್ಲಿ ಇಂಗ್ಲಿಷಿಗೆ ತಂದರು. ವಕ್ರದಂತಚಿಕಿತ್ಸೆಯ ಚರಿತ್ರಕಾರರು ಇದರಿಂದ ಆರಿಸಿಕೊಳ್ಳುವುದು ಒಂದನ್ನೇ: ರಂಧ್ರಗಳುಳ್ಳ ಲೋಹದ ಪಟ್ಟಿಗೆ ಹಲ್ಲುಗಳನ್ನು ದಾರದಿಂದ ಕಟ್ಟಿ ಸರಿಪಡಿಸುವ ವಿಧಾನ. ಆದರೆ ಅದೇ ಗ್ರಂಥದಲ್ಲಿ ಹುಳುಕಿಗೆ ಹುಳುವೇ ಕಾರಣವೆಂಬ ಪುರಾತನ ನಂಬಿಕೆಯನ್ನು ಅವನು ಪ್ರಶ್ನಿಸಿದ್ದಾನೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಹುಳು ತನಗೆ ಕಾಣಲಿಲ್ಲವೆಂದಿದ್ದಾನೆ. ಸಕ್ಕರೆ ಮತ್ತು ಸಿಹಿತಿಂಡಿಗಳು ಹಲ್ಲಿಗೆ ಕೇಡೆಂದು ಎಚ್ಚರಿಸಿದ್ದಾನೆ. ಸರಿಪಡಿಸುವಿಕೆಯೂ ರಕ್ಷಣೆಯೂ ಒಬ್ಬನೇ ವೈದ್ಯನ ಕರ್ತವ್ಯವಾಗಿದ್ದ ಗ್ರಂಥವಿದು. ಅದನ್ನು ಸೀಳಿ ಒಂದು ಹೋಳನ್ನು ಮಾತ್ರ ಎತ್ತಿಕೊಂಡವರು ನಂತರದವರು.

ಹಾಗೆಂದು ಫೋಶಾರನನ್ನು ಇಂದಿನ ವಿಜ್ಞಾನಿಯಂತೆ ಚಿತ್ರಿಸುವುದೂ ತಪ್ಪಾದೀತು. ಸಕ್ಕರೆಯ ಮೇಲಣ ಅವನ ಮಾತು ಅನುಭವದಿಂದ ಬಂದದ್ದು. ಕಾರಣವನ್ನು ವಿವರಿಸುವ ಸಾಧನ ಅವನ ಕಾಲಕ್ಕೆ ಇರಲಿಲ್ಲ. ಆ ವಿವರಣೆಯನ್ನು ಕೊಟ್ಟವನು ಬರ್ಲಿನ್ನಿನಲ್ಲಿದ್ದ ಅಮೆರಿಕನ್ ವೈದ್ಯ ಮಿಲ್ಲರ್. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆ ಪಿಷ್ಟಗಳಿಂದ ಆಮ್ಲವನ್ನು ಹುಟ್ಟಿಸುತ್ತವೆ, ಆ ಆಮ್ಲವು ಹಲ್ಲಿನ ಖನಿಜವನ್ನು ಕರಗಿಸುತ್ತದೆ ಎಂದು ಅವನು 1890ರ ಗ್ರಂಥದಲ್ಲಿ ಪ್ರತಿಪಾದಿಸಿದನು. ಆಂಗಲನು ಹಲ್ಲುಗಳ ಕೂಡುವಿಕೆಯ ದೋಷಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದ್ದು 1899ರಲ್ಲಿ. ಈ ಎರಡರ ನಡುವೆ ಒಂದು ದಶಕವೂ ಇಲ್ಲ. ಆದರೂ ಒಂದು ಚರಿತ್ರೆಯಲ್ಲಿ ಮಿಲ್ಲರ್ ಮಾತ್ರ, ಇನ್ನೊಂದರಲ್ಲಿ ಆಂಗಲ್ ಮಾತ್ರ. ಒಬ್ಬೊಬ್ಬರಿಗೆ 'ಪಿತಾಮಹ' ಪಟ್ಟವನ್ನು ಕಟ್ಟುವ ಹವ್ಯಾಸವು ಸಮಕಾಲೀನರನ್ನೂ ಹೀಗೆ ಅಪರಿಚಿತರನ್ನಾಗಿ ಮಾಡುತ್ತದೆ.

ಉಪಕರಣವನ್ನು ಬಿಟ್ಟು ಹಲ್ಲಿನ ಮೇಲ್ಮೈಯನ್ನೇ ಆಧಾರವಾಗಿಟ್ಟುಕೊಂಡರೆ ಕಾಲವಿಭಾಗವು ಬೇರೆಯಾಗಿ ತೋರುತ್ತದೆ. ಹಲ್ಲನ್ನು ಲೋಹದ ಪಟ್ಟಿ ಸುತ್ತುವರಿದಿದ್ದ ಕಾಲದಲ್ಲಿ, ಸಿಮೆಂಟು ಸಡಿಲಿದ ಕಡೆ ಪಟ್ಟಿಯ ಅಡಿಯಲ್ಲೇ ಹುಳುಕು ಬೆಳೆಯುತ್ತಿತ್ತು. ಬುವನಕೋರನು 1955ರಲ್ಲಿ ಎನಾಮಲನ್ನು ಆಮ್ಲದಿಂದ ಒರಟುಗೊಳಿಸಿ ರಾಳವನ್ನು ಅಂಟಿಸುವ ಕ್ರಮವನ್ನು ತೋರಿಸಿದ ಮೇಲೆ, ಬ್ರಾಕೆಟ್ಟನ್ನು ನೇರವಾಗಿ ಹಲ್ಲಿಗೆ ಅಂಟಿಸುವುದು ಸಾಧ್ಯವಾಯಿತು. ಪಟ್ಟಿ ಹೋಯಿತು; ಅಪಾಯ ಹೋಗಲಿಲ್ಲ, ಬ್ರಾಕೆಟ್ಟಿನ ಸುತ್ತಲಿಗೆ ಸ್ಥಳಾಂತರವಾಯಿತು. ಗೊರೆಲಿಕ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ ಚಿಕಿತ್ಸೆ ಪಡೆದವರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಬಿಳಿಯ ಮಚ್ಚೆಗಳು ಕಂಡವು. ಇವೇ ಹುಳುಕಿನ ಮೊದಲ ಚಿಹ್ನೆ. ಅದೇ ಪರಿಶೀಲನೆಯಲ್ಲಿ, ಕೆಳದವಡೆಯ ಮುಂಬಲ್ಲುಗಳ ಒಳಮೈಗೆ ಅಂಟಿಸಿದ ತಂತಿಯ ಬಳಿ, ಅದು ದೀರ್ಘಕಾಲವಿದ್ದರೂ, ಇಂಥ ಮಚ್ಚೆ ಕಾಣಲಿಲ್ಲ. ಅಲ್ಲಿ ಲಾಲಾರಸವು ಧಾರಾಳವಾಗಿ ಹರಿಯುತ್ತದೆ. ಅಂದಮೇಲೆ ಅಪರಾಧಿ ಲೋಹವಲ್ಲ, ಲೋಹದ ಸುತ್ತ ನಿಲ್ಲುವ ಕೊಳೆ.

ಈ ಒಂದು ಸಂಗತಿಯಿಂದಲೇ ಚಿಕಿತ್ಸೆಯ ಮುಂಚಿನ ಮತ್ತು ನಡುವಿನ ಕರ್ತವ್ಯಗಳು ಸಿದ್ಧವಾಗುತ್ತವೆ. ಇರುವ ಹುಳುಕನ್ನು ಮೊದಲೇ ತುಂಬಿಸಬೇಕು. ಶುಚಿತ್ವ ರೂಢಿಯಾಗುವವರೆಗೆ ಬ್ರೇಸನ್ನು ತೊಡಿಸಬಾರದು. ತೊಡಿಸಿದ ಬಳಿಕ ಬ್ರಾಕೆಟ್ಟಿನ ಮೇಲೂ ಕೆಳಗೂ ಬ್ರಷ್ಷನ್ನು ಆಡಿಸಬೇಕು, ಫ್ಲೋರೈಡುಳ್ಳ ಪೇಸ್ಟನ್ನು ದಿನಕ್ಕೆರಡು ಬಾರಿ ಬಳಸಬೇಕು, ವೈದ್ಯರು ವಿಧಿಸಿದಲ್ಲಿ ಶೇಕಡ 0.05ರ ಸೋಡಿಯಂ ಫ್ಲೋರೈಡ್ ದ್ರವದಿಂದ ನಿತ್ಯವೂ ಬಾಯಿ ಮುಕ್ಕಳಿಸಬೇಕು. ಸಿಹಿಯನ್ನು ಎಷ್ಟು ತಿಂದರೆಂಬುದರಷ್ಟೇ ಎಷ್ಟು ಸಲ ತಿಂದರೆಂಬುದೂ ಮುಖ್ಯ. ಶುಚಿತ್ವವಿಲ್ಲದೆಡೆ ಮಚ್ಚೆ 4 ವಾರಗಳಲ್ಲೇ ಮೂಡಬಲ್ಲದಾದ್ದರಿಂದ, ಚಿಕಿತ್ಸೆ ಮುಗಿದ ಮೇಲೆ ನೋಡೋಣವೆಂಬ ಮಾತಿಗೆ ಅರ್ಥವಿಲ್ಲ.

ನಮ್ಮ ನಾಡಿಗೆ ವಿಶೇಷವಾಗಿ ಸಲ್ಲುವ ಒಂದು ಮಾತುಂಟು. ಕೊಲರಾಡೊದಲ್ಲಿ 1901ರಿಂದ ಮೆಕೇ ಗಮನಿಸಿದ ಕಂದುಹಲ್ಲುಗಳಿಗೆ ನೀರಿನ ಫ್ಲೋರೈಡೇ ಕಾರಣವೆಂದು 1931ರಲ್ಲಿ ಸಿದ್ಧವಾಯಿತು. ಮಿತಪ್ರಮಾಣದಲ್ಲಿ ಅದೇ ವಸ್ತು ರಕ್ಷಕವೆಂಬ ತಿಳಿವಿನಿಂದ 1945ರಲ್ಲಿ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದ ನೀರಿಗೆ ಅದನ್ನು ಬೆರೆಸಲಾಯಿತು. ಕೋಲಾರ, ಪಾವಗಡಗಳ ಕಡೆ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿದ ಊರುಗಳಿವೆ. ಅಲ್ಲಿನ ವಿದ್ಯಾರ್ಥಿಯ ಹಲ್ಲಿನ ಮಚ್ಚೆ ಬ್ರೇಸಿನ ಫಲವೋ ಬಾಲ್ಯದ ನೀರಿನ ಫಲವೋ ಎಂಬುದನ್ನು ನಿರ್ಣಯಿಸಲು ಚಿಕಿತ್ಸೆಗೆ ಮುಂಚಿನ ಛಾಯಾಚಿತ್ರವೂ ಬರಹದ ದಾಖಲೆಯೂ ಬೇಕು. ದಾಖಲೆಯಿಲ್ಲದೆ ಕಾರಣವನ್ನು ಹೇಳುವುದು ವೈದ್ಯನಿಗೂ ಸಲ್ಲದು, ಚರಿತ್ರಕಾರನಿಗೂ ಸಲ್ಲದು.

ಸಾಲುಗೂಡಿದರೂ ಕಲೆಗಟ್ಟಿದ ಹಲ್ಲುಗಳನ್ನು ಯಶಸ್ಸೆಂದು ಎಣಿಸುವ ಚರಿತ್ರೆಯು ಯಾವುದನ್ನು ಅಳೆಯಬೇಕೆಂಬುದನ್ನೇ ಮರೆತಿದೆ. ಫೋಶಾರನ ಪಟ್ಟಿಯ ಚಿತ್ರದೊಡನೆ ಸಕ್ಕರೆಯನ್ನು ಕುರಿತ ಅವನ ಎಚ್ಚರಿಕೆಯನ್ನೂ, ಆಂಗಲನ ವರ್ಗೀಕರಣದೊಡನೆ ಮಿಲ್ಲರನ ಆಮ್ಲವನ್ನೂ ಒಂದೇ ಪಾಠದಲ್ಲಿ ಬೋಧಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.